ಶಿಶುವಿನ ಮುಖ ಮತ್ತು ತಲೆಬುರುಡೆಯ ಜನ್ಮದೋಷಗಳು
(ಭಾಷಣದ ಪಠ್ಯ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಈ ತೆಂಗಿನ ಸೀಮೆಯಲ್ಲಿ ಸೀಳುತುಟಿಯ ಮಗು ಜನಿಸಿದರೆ ಹಿರಿಯರು ಮೊದಲು ಕೇಳುವುದು, "ಗ್ರಹಣದ ದಿನ ಏನು ಮಾಡಿದೆಯಮ್ಮ?" ಎಂದು. ಅಂದು ಕಾಯಿ ಒಡೆದೆನೆಂದೋ, ಈಳಿಗೆಮಣೆಯ ಮುಂದೆ ಕುಳಿತೆನೆಂದೋ ಬಾಣಂತಿ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾಳೆ. ಇಂತಹ ಸೊಸೆಯನ್ನು ತವರಿನಿಂದ ಮರಳಿ ಕರೆತರದ ಮನೆಗಳೂ ಉಂಟು. ಗ್ರಹಣಕ್ಕೂ ಮಗುವಿನ ತುಟಿಗೂ ಯಾವ ಸಂಬಂಧವೂ ಇಲ್ಲ. ಈ ಮಾತನ್ನು ಗಂಡಸರು ವಿಶೇಷವಾಗಿ ಕೇಳಿಸಿಕೊಳ್ಳಬೇಕು.

ಗರ್ಭ ನಿಂತ ನಾಲ್ಕನೆಯ ವಾರದಿಂದ ಶಿಶುವಿನ ಮುಖ ರೂಪುಗೊಳ್ಳತೊಡಗುತ್ತದೆ. ಎರಡು ಪಕ್ಕಗಳಿಂದ ಬೆಳೆದು ಬರುವ ಭಾಗಗಳು ನಡುವೆ ಕೂಡಿಕೊಂಡು, ಸುಮಾರು ಏಳನೆಯ ವಾರಕ್ಕೆ ಮೇಲ್ತುಟಿಯೂ ಹನ್ನೆರಡನೆಯ ವಾರದೊಳಗೆ ಬಾಯಿಯ ಅಂಗಳವೂ ಸಿದ್ಧವಾಗುತ್ತವೆ. ಕೂಡದೆ ಉಳಿದರೆ ಅದೇ ಸೀಳು. ಲೋಕದಲ್ಲೆಲ್ಲಾ ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ತಂದೆ ತಾಯಿಗಳಿಬ್ಬರಿಂದಲೂ ಬಂದ ಹಲವು ವಂಶವಾಹಿಗಳು ಇದಕ್ಕೆ ಕಾರಣ. ಧೂಮಪಾನ, ಮದ್ಯಪಾನ, ಮೂರ್ಛೆರೋಗದ ಕೆಲವು ಔಷಧಿಗಳು ಅಪಾಯವನ್ನು ಹೆಚ್ಚಿಸುತ್ತವೆ. (ಹಾಗೆಂದು ಮೂರ್ಛೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಬೇಕು.)

ಬಿತ್ತನೆಕಾಯಿ ಆರಿಸುವಾಗ ನೀವು ತಾಯಿಮರವನ್ನಷ್ಟೇ ನೋಡುತ್ತೀರಿ. ಹೊಂಬಾಳೆಗೆ ಪರಾಗ ಬಂದುದು ಯಾವ ಮರದಿಂದ ಎಂದು ಬಲ್ಲವರಾರು? ಆದರೂ ಸಸಿಯ ಗುಣದಲ್ಲಿ ಆ ಮರದ ಪಾಲು ಅರ್ಧ. ಮಗುವಿನಲ್ಲಿಯೂ ಹಾಗೆಯೇ.

ಇನ್ನು ತಲೆಬುರುಡೆಯ ವಿಷಯ. ತೆಂಗಿನ ಚಿಪ್ಪಿನಂತೆ ಎಳೆಗೂಸಿನ ಬುರುಡೆ ಒಂದೇ ಗಟ್ಟಿ ಹೋಳಲ್ಲ. ಅದು ಹಲವು ಮೂಳೆಗಳ ಜೋಡಣೆ. ನಡುವೆ ಹೊಲಿಗೆಯಂತಹ ಸಂದುಗಳಿವೆ. ಒಳಗಿನ ಮಿದುಳು ಬೆಳೆಯಲೆಂದೇ ಈ ಏರ್ಪಾಡು. ನೆತ್ತಿ ಮೆತ್ತಗಿರುವುದೂ ಇದರಿಂದಲೇ. ಕೆಲವು ಶಿಶುಗಳಲ್ಲಿ ಈ ಸಂದುಗಳು ಕಾಲಕ್ಕೆ ಮೊದಲೇ ಬೆಸೆದುಕೊಂಡು ತಲೆ ಸೊಟ್ಟಗಾಗುತ್ತದೆ, ಕಣ್ಣುಗಳು ಮುಂದಕ್ಕೆ ಚಾಚುತ್ತವೆ. ಇವುಗಳಲ್ಲಿ ಕೈಕಾಲಿನ ಬೆರಳುಗಳೂ ಕೂಡಿಕೊಂಡಿರುವ ಒಂದು ವಿಧವನ್ನು 1906ರಲ್ಲಿ ಫ್ರಾನ್ಸಿನ ವೈದ್ಯ ಏಪರ್ಟ್ ವಿವರಿಸಿದರು. ಅದರ ವಂಶವಾಹಿ ದೋಷವು 1995ರಲ್ಲಿ ಪತ್ತೆಯಾಯಿತು. ಮರುವರ್ಷ ಪ್ರಕಟವಾದ ಸಂಶೋಧನೆಯಲ್ಲಿ ಹೊಸದಾಗಿ ಈ ದೋಷ ಕಾಣಿಸಿಕೊಂಡ 57 ಮಕ್ಕಳನ್ನು ಪರೀಕ್ಷಿಸಲಾಯಿತು. ಐವತ್ತೇಳರಲ್ಲಿಯೂ ದೋಷ ಬಂದುದು ತಂದೆಯ ವೀರ್ಯಾಣುವಿನ ಮೂಲಕ! ತಂದೆಯ ವಯಸ್ಸು ಏರಿದಂತೆ ಇದರ ಸಂಭವವೂ ಏರುತ್ತದೆ. ಇದನ್ನು ತಂದೆಯ ತಪ್ಪೆಂದೂ ಭಾವಿಸಬಾರದು. ವೀರ್ಯಾಣು ಹುಟ್ಟುವಾಗ ತಾನಾಗಿ ಸಂಭವಿಸುವ ಬದಲಾವಣೆ ಅದು. ಹೆಂಡತಿಯತ್ತ ಬೆರಳು ತೋರುವವರು ಈ ಲೆಕ್ಕವನ್ನು ನೆನಪಿನಲ್ಲಿಡಲಿ.

ಸೋದರ ಸಂಬಂಧದ ವಿಷಯವನ್ನು ಹೇಳದೆ ಬಿಡುವಂತಿಲ್ಲ. ತೋಟ ಹೋಳಾಗಬಾರದೆಂದು ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವುದು ನಮ್ಮಲ್ಲಿ ಹಳೆಯ ರೂಢಿ. 1980ರ ದಶಕದಲ್ಲಿ ಪ್ರಕಟವಾದ ಅಧ್ಯಯನಗಳಂತೆ ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗದಷ್ಟು ವಿವಾಹಗಳು ರಕ್ತಸಂಬಂಧದಲ್ಲಿ ನಡೆದಿದ್ದವು. ಒಂದೇ ಮನೆತನದ ಅಡಗಿದ ದೋಷವು ಗಂಡ ಹೆಂಡತಿ ಇಬ್ಬರಲ್ಲಿಯೂ ಇದ್ದರೆ, ಅವರು ಆರೋಗ್ಯವಾಗಿದ್ದರೂ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವವಿದೆ. ಮಿದುಳು ಬೆಳೆಯದೆ ತಲೆ ತೀರ ಚಿಕ್ಕದಾಗುವ ಕೆಲವು ರೋಗಗಳು ಬರುವುದು ಹೀಗೆ. ಹೊರಗಿನ ಸಂಬಂಧದಲ್ಲಿ ನೂರಕ್ಕೆ ಎರಡು ಮೂರು ಶಿಶುಗಳಿಗೆ ಯಾವುದಾದರೊಂದು ಜನ್ಮದೋಷವಿದ್ದರೆ, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಮದುವೆಯಾದಲ್ಲಿ ಇದು ಸುಮಾರು ಎರಡರಷ್ಟು. ಅಕ್ಕನ ಮಗಳಾದರೆ ಸಂಬಂಧ ಮತ್ತಷ್ಟು ಹತ್ತಿರದ್ದು. ಈಗಾಗಲೇ ಹೀಗೆ ಮದುವೆಯಾದವರು ಗಾಬರಿಪಡಬೇಕಾಗಿಲ್ಲ, ಹೆಚ್ಚಿನವರ ಮಕ್ಕಳು ಆರೋಗ್ಯವಂತರೇ. ಆದರೆ ಬಸಿರಾಗುವ ಮೊದಲು ವೈದ್ಯರಿಗೆ ಈ ಸಂಗತಿಯನ್ನು ತಿಳಿಸತಕ್ಕದ್ದು.

ಸೀಳಿರುವ ಮಗು ಹುಟ್ಟಿದಾಗ ಮೊದಲ ಗಂಡಾಂತರ ಹಸಿವು. ಅಂಗಳ ಸೀಳಿದ್ದರೆ ಮಗು ಮೊಲೆ ಚೀಪಲಾರದು. ತಾಯಿಯ ಹಾಲನ್ನು ಹಿಂಡಿ, ಮಗುವನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು, ಶುದ್ಧವಾದ ಒಳಲೆಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ನಡುನಡುವೆ ತೇಗು ಬರಿಸಬೇಕು. ನಮ್ಮ ಅಜ್ಜಿಯರ ಒಳಲೆ ಇಲ್ಲಿ ಬಹಳ ಉಪಯುಕ್ತ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿಯೂ, ಅಂಗಳದ್ದನ್ನು ಮಾತು ಕಲಿಯುವ ಮೊದಲು, ಒಂದರಿಂದ ಒಂದೂವರೆ ವರ್ಷದೊಳಗೆಯೂ ಮಾಡುತ್ತಾರೆ. ತಲೆಯ ಸಂದು ಬೆಸೆದಿದ್ದರೆ ತಡಮಾಡದೆ ಮೊದಲ ತಿಂಗಳುಗಳಲ್ಲಿಯೇ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗಳಗಳ ತಪಾಸಣೆಯೂ ಉಚಿತ ಚಿಕಿತ್ಸೆಯೂ ಸೇರಿವೆ. ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿರಿ.

ತಂದೆ ತಾಯಿಗಳಿಗೆ ಸೀಳಿಲ್ಲದೆ ಒಂದು ಮಗುವಿಗೆ ಮಾತ್ರ ಇದ್ದರೆ, ಮುಂದಿನ ಮಗುವಿಗೂ ಬರುವ ಸಂಭವ ನೂರಕ್ಕೆ ಸುಮಾರು ನಾಲ್ಕು. ರಕ್ತಸಂಬಂಧವಿದ್ದರೆ, ಅಥವಾ ಬೇರೆ ಅಂಗದೋಷಗಳೂ ಕೂಡಿದ್ದರೆ ಲೆಕ್ಕ ಬೇರೆ. ಆದುದರಿಂದ ಮುಂದಿನ ಬಸಿರಿಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಚೀಟಿ ಪಡೆದು ವಂಶವಾಹಿ ತಜ್ಞರನ್ನು ಕಾಣಬೇಕು. ಫೋಲಿಕ್ ಆಮ್ಲದ ಮಾತ್ರೆಯನ್ನೂ ಆಗಿನಿಂದಲೇ ಆರಂಭಿಸಬೇಕು. ತಲೆಬುರುಡೆಯ ಮೇಲ್ಭಾಗವೇ ಮುಚ್ಚಿಕೊಳ್ಳದ ಘೋರ ದೋಷವನ್ನು ಅದು ಬಹುಮಟ್ಟಿಗೆ ತಡೆಯುತ್ತದೆ, ಮತ್ತು ಆ ದೋಷ ಉಂಟಾಗುವುದು ಗರ್ಭ ನಿಂತ ಮೊದಲ 28 ದಿನಗಳಲ್ಲಿ, ಎಷ್ಟೋ ವೇಳೆ ತಾಯಿಗೆ ಬಸಿರೆಂದು ತಿಳಿಯುವ ಮೊದಲೇ.

ತಜ್ಞರಲ್ಲಿಗೆ ಹೋಗುವಾಗ ತಾಯಿ ಕಾರ್ಡು, ಮಗುವಿನ ಹಳೆಯ ಚೀಟಿಗಳು, ಎರಡೂ ಮನೆತನಗಳ ಮೂರು ತಲೆಮಾರಿನ ವಿವರ ಜೊತೆಯಲ್ಲಿರಲಿ. ಹುಟ್ಟಿ ತೀರಿಕೊಂಡ ಮಕ್ಕಳ ಸಂಗತಿಯನ್ನು ಮುಚ್ಚಿಡಬಾರದು. ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಅತ್ತೆಯವರು ಬರುವುದಾದರೆ ಇನ್ನೂ ಒಳ್ಳೆಯದು, ಹಳೆಯ ನೆಂಟಸ್ತನಗಳೆಲ್ಲ ಅವರಿಗೇ ಚೆನ್ನಾಗಿ ಗೊತ್ತು.