ಹಾಜರಿ ಪುಸ್ತಕದಲ್ಲಿ ನನ್ನ ಹೆಸರು
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ಹೆಸರು ತಿಪ್ಪಣ್ಣ. ಹೀಗೆ ಪೂರ್ತಿ ಹೆಸರು ಹೇಳಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಅದಕ್ಕೇ ಇವತ್ತು ಹೆಸರುಗಳ ಬಗ್ಗೆ ನಾಲ್ಕು ಮಾತು.

ಇದೇ ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಸರದಿ ಬಂದರೆ ಹಿಂದಿನ ಬೆಂಚಿನಿಂದ "ಗೊಬ್ಬರ!" ಎಂಬ ಕೂಗು ಏಳುತ್ತಿತ್ತು. ಕೂಗಿದವರಲ್ಲಿ ಇಬ್ಬರು ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಇರಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವಾಗ ಕನ್ನಡ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ನನ್ನ ಹೆಸರು ತರುಣ್ ಅಂತ ಬರ್ಕೊಳ್ಳಿ" ಎಂದೆ. ಅವರು ಬೈಯಲಿಲ್ಲ. "ಅರ್ಜಿ ನಾಳೆ ಕೊಡು. ಇವತ್ತು ನಿಮ್ಮವ್ವನ್ನ ಒಂದು ಮಾತು ಕೇಳ್ಕೊಂಡು ಬಾ" ಎಂದರು.

ಅವ್ವ ಮುದ್ದೆ ತಿರುವುತ್ತಿದ್ದಳು. "ನಿನಗಿಂತ ಮುಂಚೆ ಎರಡು ಕೂಸು ಹೋದ್ವು ಕಣಪ್ಪಾ. ನೀನು ಹುಟ್ಟಿದಾಗ ನಿಮ್ಮಜ್ಜಿ ನಿನ್ನ ಮೊರದಾಗೆ ಹಾಕ್ಕಂಡು ಹೋಗಿ ತಿಪ್ಪೆ ಮ್ಯಾಲೆ ಇಟ್ಟು ಬಂದ್ಲು. ಪಕ್ಕದ ಮನೆಯಾಕೆ ಎತ್ತಿ ತಂದ್ಲು. ನಾನು ಒಂದು ಹಿಡಿ ತೌಡು ಕೊಟ್ಟು ನಿನ್ನ ಕೊಂಡ್ಕಂಡೆ" ಎಂದಳು. ಯಾರಿಗೂ ಬೇಡದ ಕೂಸು ಇದು ಎಂದುಕೊಂಡು ಸಾವು ತನ್ನ ದಾರಿ ಹಿಡಿದು ಹೋಗಲಿ ಎಂಬುದು ಅಜ್ಜಿಯ ಲೆಕ್ಕ.

ಮರುದಿನ ಅರ್ಜಿಯಲ್ಲಿ ತಿಪ್ಪಣ್ಣ ಎಂದೇ ಬರೆದೆ. ಆದರೂ ಬಿ.ಇ. ಓದಲು ಹೋದಾಗ ಗೆಳೆಯರಿಗೆ 'ಟಿಪ್ಸ್' ಆದೆ. ಅರ್ಥ ಗೊತ್ತಿದ್ದೂ ನಾಚಿಕೆ ಹೋಗಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಒಮ್ಮೆ ಹಲವು ದೇಶಗಳ ಗ್ರಾಹಕರ ಹೆಸರು ದಾಖಲಿಸುವ ಕೆಲಸ ನಮ್ಮ ತಂಡಕ್ಕೆ ಬಂತು. ನೈಜೀರಿಯಾದ ಸಹೋದ್ಯೋಗಿಯೊಬ್ಬರು ತಮ್ಮ ಅಜ್ಜನ ಹೆಸರು ಕೊಕುಮೊ ಎಂದರು. ಯೊರುಬಾ ಭಾಷೆಯಲ್ಲಿ 'ಇನ್ನು ಸಾಯುವುದಿಲ್ಲ' ಎಂದರ್ಥ. ಹುಟ್ಟಿ ಹುಟ್ಟಿ ಸಾಯುವ ಕೂಸಿಗೆ ಅವರು 'ಅಬಿಕು' ಎನ್ನುತ್ತಾರೆ. ಅದು ಉಳಿಯಲಿ ಎಂದು 'ಮತ್ತೆ ಹೋಗಬೇಡ' ಎನ್ನುವ ಮಲೊಮೊ, 'ಇದ್ದು ಬಾಳು' ಎನ್ನುವ ದುರೊಜಾಯೆ ಎಂಬ ಹೆಸರುಗಳನ್ನೂ ಇಡುತ್ತಾರೆ.

ಅಂದಿನಿಂದ ಹುಡುಕತೊಡಗಿದೆ. ಘಾನಾ ದೇಶದ ಅಕಾನ್ ಜನರಲ್ಲಿ ಸುಮಿನಾ ಎಂಬ ಹೆಸರಿದೆ. ಅದರ ಅರ್ಥ ಕಸದ ಗುಡ್ಡೆ, ಅಂದರೆ ನಮ್ಮ ತಿಪ್ಪೆಯೇ! ಮಂಗೋಲಿಯಾದಲ್ಲಿ ನೆರ್ಗುಯ್ ಎಂದರೆ 'ಹೆಸರಿಲ್ಲ', ಎನೆಬಿಶ್ ಎಂದರೆ 'ಇದು ಅಲ್ಲ'. ಚೀನಾದ ಹಳ್ಳಿಗಳಲ್ಲಿ 'ನಾಯಿ ತಿಂದು ಬಿಟ್ಟದ್ದು' ಎಂಬ ಅರ್ಥದ ಅಡ್ಡಹೆಸರಿತ್ತು. ಯೂರೋಪಿನ ಯಹೂದಿಗಳು ಕಾಯಿಲೆಯ ಮಗುವಿಗೆ ಆಲ್ಟರ್, ಅಂದರೆ 'ಮುದುಕ' ಎಂದು ಹೆಸರಿಟ್ಟು ಮೃತ್ಯುದೂತನಿಗೆ ಚಳ್ಳೆಹಣ್ಣು ತಿನ್ನಿಸುತ್ತಿದ್ದರು. ನೆರೆಯ ತೆಲುಗಿನ ಪೆಂಟಯ್ಯ, ತಮಿಳಿನ ಕುಪ್ಪುಸಾಮಿ, ಮರಾಠಿಯ ಧೋಂಡಿಬಾ, ನಮ್ಮ ಗುಂಡಪ್ಪ, ಅಡಿವೆಪ್ಪ ಇವರೆಲ್ಲ ನನ್ನ ಬಂಧುಗಳೇ. ಇಂಥ ಹೆಸರಿನವರೆಲ್ಲರದೂ ಇದೇ ಕಥೆಯಲ್ಲ. ನಮ್ಮ ಕಡೆಯ ಎಷ್ಟೋ ತಿಪ್ಪೇಸ್ವಾಮಿಗಳು ನಾಯಕನಹಟ್ಟಿಯ ಸ್ವಾಮಿಯ ಹೆಸರು ಹೊತ್ತವರು.

1990ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ ಸುಮಾರು 80 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಲಸಿಕೆ, ಆಸ್ಪತ್ರೆಯ ಹೆರಿಗೆ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು ಇದಕ್ಕೆ ಕಾರಣ. ಈಗಿನ ಹಾಜರಿ ಪುಸ್ತಕದಲ್ಲಿ ತಿಪ್ಪಣ್ಣಂದಿರು ಕಡಿಮೆಯಾಗಿದ್ದರೆ ನನಗೆ ಬೇಸರವಿಲ್ಲ.

ಕಳೆದ ಯುಗಾದಿಗೆ ಬಂದಾಗ ಅವ್ವನಿಗೆ ಕೊಕುಮೊ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ತಾಯಿಗೆ ಎಷ್ಟು ಹೋಗಿದ್ವೋ" ಎಂದಳು.

ಮಕ್ಕಳೇ, ಇವತ್ತು ಮನೆಗೆ ಹೋಗಿ ನಿಮ್ಮ ಹೆಸರು ಯಾಕೆ ಇಟ್ಟರು ಎಂದು ಕೇಳಿ. ಅಜ್ಜ ಅಜ್ಜಿಯ ಹೆಸರಿನ ಕಥೆಯನ್ನೂ ಕೇಳಿ ಬರೆದಿಡಿ. ಪಕ್ಕದ ಬೆಂಚಿನವನ ಹೆಸರಿಗೆ ನಗು ಬಂದರೆ, ಮೊದಲು ಅವನ ಅವ್ವನ್ನ ಒಂದು ಮಾತು ಕೇಳಿ. ಇದನ್ನು ನನಗೆ ಕಲಿಸಿದ್ದು ಈ ಶಾಲೆಯ ಮೇಷ್ಟ್ರು.