ಬೆಂಗಳೂರಿಗೆ ಹೋದಾಗ ಊಟ ಎಲ್ಲಿ?



ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ನಿಮ್ಮ ಜೊತೆ ಕೂತು ಅಕ್ಷರ ಕಲಿಸುತ್ತೇವೆ. ಇವತ್ತು ಹೊಟ್ಟೆಯ ಮಾತು ಆಡೋಣ.

ಈಗ ನಾವು ಹೆಂಗಸರು ಬೆಂಗಳೂರಿಗೆ ಹೋಗುವುದು ಹೆಚ್ಚಾಗಿದೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂತು. ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ದುಡ್ಡಿಲ್ಲ. ಆಸ್ಪತ್ರೆಗೆ ಹೋಗುತ್ತೇವೆ. ಮಗಳ ಮನೆಗೆ ಹೋಗುತ್ತೇವೆ. ಆದರೆ ಹೋದವರು ಉಂಡು ಬರುತ್ತೇವೆಯೇ? ನಿಜ ಹೇಳಿ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಹಿರಿಯಕ್ಕನ ಕಥೆ ಕೇಳಿ. ಕಣ್ಣು ತೋರಿಸಲು ಬೆಂಗಳೂರಿಗೆ ಹೊರಟರು. ಜೊತೆಗೆ ನಾವೂ ಹೋದೆವು. ಬೆಳಗಿನ ಜಾವದ ಬಸ್ಸು. ಅಕ್ಕನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ್ದರು. ಬಸ್ಸು ಇಳಿದ ಮೇಲೆ ನಾವು ಆಸ್ಪತ್ರೆಯ ಚೀಟಿ ಮಾಡಿಸಲು ಹೋದೆವು. ಬಂದು, "ತಿಂಡಿ ಆಯ್ತಾ ಅಕ್ಕ?" ಎಂದು ಕೇಳಿದೆವು. "ಆಯ್ತು ಮೇಡಂ" ಅಂದರು. ನಾವು ನಂಬಿದೆವು. ಮಧ್ಯಾಹ್ನ ಸಾಲಿನಲ್ಲಿ ನಿಂತಿದ್ದಾಗ ಅಕ್ಕ ಬೆವತರು. ಕೈ ನಡುಗಿತು. ಕುಸಿದು ಕೂತರು.

ನರ್ಸಮ್ಮ ಓಡಿ ಬಂದು ಸಕ್ಕರೆ ನೀರು ಕುಡಿಸಿದರು. "ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಜೀವಕ್ಕೇ ಅಪಾಯ ಅಮ್ಮ" ಎಂದರು. ಅಕ್ಕನ ಸೆರಗಿನ ಗಂಟಿನಲ್ಲಿ 300 ರೂಪಾಯಿ ಹಾಗೇ ಇತ್ತು!

ಯಾಕಕ್ಕಾ ತಿನ್ನಲಿಲ್ಲ? ಅವರು ಹೇಳಿದ್ದು ಇಷ್ಟು: "ಹೋಟೆಲ್ ಬಾಗಿಲಿಗೆ ಹೋದೆ. ಎಲ್ಲಾ ನಿಂತುಕೊಂಡು ತಿಂತಿದ್ರು. ಏನು ಕೇಳಬೇಕೋ, ಎಷ್ಟು ಕೊಡಬೇಕೋ. ನಾಚಿಕೆ ಆಯ್ತು. ನೀರು ಕುಡಿದರೆ ಆಮೇಲೆ ಎಲ್ಲಿಗೆ ಹೋಗೋದು? ಅದಕ್ಕೇ ನೀರೂ ಕುಡೀಲಿಲ್ಲ."

ಅಕ್ಕನಿಗೆ ಆಗಲೇ ಓದಲು ಬರುತ್ತಿತ್ತು. ಆದರೆ ತಲೆ ಎತ್ತಿ ಬೋರ್ಡು ನೋಡಲಿಲ್ಲ. ಬೋರ್ಡು ಓದಿದರೆ ಅರ್ಧ ಹೆದರಿಕೆ ಹೋಗುತ್ತದೆ. ಬನ್ನಿ, ಒಂದೊಂದೇ ಬೋರ್ಡು ಓದೋಣ.

ಕೆಂಪೇಗೌಡ ಬಸ್ ನಿಲ್ದಾಣ. ಇದನ್ನೇ ಜನ ಮೆಜೆಸ್ಟಿಕ್ ಎನ್ನುತ್ತಾರೆ. ಹಿಂದೆ ಅಲ್ಲಿ ಆ ಹೆಸರಿನ ಸಿನಿಮಾ ಟಾಕೀಸು ಇತ್ತು. ಎರಡು ಹೆಸರು, ಊರು ಒಂದೇ. ಗಾಬರಿ ಬೇಡ. ದೊಡ್ಡ ರೈಲು ನಿಲ್ದಾಣವೂ ಎದುರಿಗೇ ಇದೆ. ಸುತ್ತಮುತ್ತ ಹೋಟೆಲುಗಳು ಬೇಕಾದಷ್ಟು.

ಮಹಿಳೆಯರು. ಈ ಅಕ್ಷರ ಮೊದಲು ಹುಡುಕಿ. ಇದು ಶೌಚಾಲಯದ ಬೋರ್ಡು. ಬಸ್ ನಿಲ್ದಾಣದಲ್ಲಿ ಇರುತ್ತದೆ. ಕೆಲವು ಕಡೆ ಚಿಲ್ಲರೆ ಕೇಳುತ್ತಾರೆ. ಕೊಡಿ, ಹೋಗಿ ಬನ್ನಿ. ಮೂತ್ರ ತಡೆದು, ನೀರು ಬಿಟ್ಟು ಕೂತರೆ ಉರಿಮೂತ್ರ ಬರುತ್ತದೆ.

ದರ್ಶಿನಿ. ಇಲ್ಲಿ ನಿಂತು ತಿನ್ನುವುದೇ ಪದ್ಧತಿ. ಸಾಹೇಬರೂ ನಿಂತೇ ತಿನ್ನುತ್ತಾರೆ. ಮೊದಲು ದರಪಟ್ಟಿ ಓದಿ. ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಿ. ಆ ಚೀಟಿಯನ್ನು ತಿಂಡಿ ಕೊಡುವವರಿಗೆ ಕೊಡಿ. ಅಷ್ಟೇ! ಕಾಲು ನೋವಿದ್ದರೆ, ಕೂತು ತಿನ್ನುವ ಜಾಗ ಇದೆಯಾ ಎಂದು ಕೇಳಿ. ಇಬ್ಬರಿಗೆ ಒಂದು ಕಾಫಿ ಸಾಕೇ? "ಬೈಟು ಕಾಫಿ" ಅನ್ನಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿ ಕೊಡುತ್ತಾರೆ. ಬೆಂಗಳೂರಿನಲ್ಲಿ ಇದು ಯಾರಿಗೂ ನಾಚಿಕೆಯಲ್ಲ.

ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಬೆಳಗ್ಗೆ ತಿಂಡಿಗೆ 5 ರೂಪಾಯಿ. ಊಟಕ್ಕೆ 10 ರೂಪಾಯಿ. ಉಳಿದ ಖರ್ಚು ಸರ್ಕಾರದ್ದು. ಇದು ಭಿಕ್ಷೆಯಲ್ಲ. ದುಡ್ಡು ಕೊಟ್ಟು ತಿನ್ನುವ ಊಟ. ಹೊತ್ತು ಮೀರಿದರೆ ಮುಗಿಯುತ್ತದೆ, ಬೇಗ ಹೋಗಿ.

ಮಿಲಿಟರಿ ಹೋಟೆಲ್. ಹೆಸರು ನೋಡಿ ಹೆದರಬೇಡಿ. ಅಲ್ಲಿ ಸಿಪಾಯಿಗಳಿಲ್ಲ. ಮಾಂಸದೂಟದ ಹೋಟೆಲಿಗೆ ಹಾಗೆನ್ನುತ್ತಾರೆ. ಮುದ್ದೆ, ಸಾರು ಸಿಗುತ್ತದೆ.

ಖಾನಾವಳಿ. ಉತ್ತರ ಕರ್ನಾಟಕದ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ.

ಕೆಲಸ ಬೇಗ ಮುಗಿದು, ಕೈಯಲ್ಲಿ ನಾಲ್ಕು ಕಾಸು ಇದೆಯೇ? ಲಾಲ್‌ಬಾಗ್ ರಸ್ತೆಯಲ್ಲಿ ಎಂಟಿಆರ್ ಇದೆ. ಅದು 1924ರಲ್ಲಿ ಶುರುವಾದದ್ದು. ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಇದೆ. ಅದು 1943ರದ್ದು. ಅಲ್ಲಿನ ದೋಸೆಗೆ ಜನ ಕಾದು ನಿಲ್ಲುತ್ತಾರೆ. ನಾವೂ ಒಂದು ದಿನ ಕಾದು ತಿಂದರೆ ತಪ್ಪೇನು?

ಇನ್ನು ನೀರಿನ ಮಾತು. ಮನೆಯಿಂದಲೇ ಕಾಯಿಸಿ ಆರಿಸಿದ ನೀರು ತುಂಬಿಕೊಳ್ಳಿ. ಮುಗಿದರೆ ಹೋಟೆಲಿನಲ್ಲಿ ಬಿಸಿನೀರು ಕೇಳಿ. ಅಂಗಡಿಯಲ್ಲಿ ಬಾಟಲಿ ಕೊಂಡರೆ ಮೂರು ನೋಡಿ. ಮುಚ್ಚಳದ ಸೀಲು ಒಡೆದಿರಬಾರದು. ತಾರೀಖು ಮೀರಿರಬಾರದು. ಎಂ.ಆರ್.ಪಿ. ಎಷ್ಟಿದೆಯೋ ಅಷ್ಟೇ ಕೊಡಿ. ಅಂಗಡಿಯವರು ಅದಕ್ಕಿಂತ ಹೆಚ್ಚು ಕೇಳುವುದು ಕಾನೂನಿಗೆ ವಿರುದ್ಧ. "ಇಲ್ಲಿ ಎಷ್ಟು ಅಂತ ಬರೆದಿದೆ ನೋಡಿ ಅಣ್ಣ" ಅನ್ನಿ. ಓದು ಬರುವ ಹೆಂಗಸಿಗೆ ಮೋಸ ಮಾಡುವುದು ಕಷ್ಟ.

ಬಿಸಿಯಾದದ್ದನ್ನೇ ತಿನ್ನಿ. ಕೊಯ್ದು ತೆರೆದಿಟ್ಟ ಹಣ್ಣು ಬೇಡ. ಬಾಳೆಹಣ್ಣು ಸುಲಿದು ತಿನ್ನಿ. ಎಳನೀರು ಕಣ್ಣೆದುರೇ ಕೆತ್ತಿಸಿ ಕುಡಿಯಿರಿ. ಚಿಲ್ಲರೆ ದುಡ್ಡು ಬೇರೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಸೆರಗಿನಲ್ಲಿ ಒಂದು ಅಚ್ಚು ಬೆಲ್ಲ ಕಟ್ಟಿಕೊಳ್ಳಿ. ಕೈ ನಡುಗಿದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಿ.

ಈಗ ಒಂದು ಲೆಕ್ಕ ಮಾಡೋಣ. ಲೆಕ್ಕಕ್ಕಾಗಿ ಮಾತ್ರ ಈ ದರ. ಇಡ್ಲಿ 40 ರೂಪಾಯಿ. ಕಾಫಿ 20 ರೂಪಾಯಿ. 100 ರೂಪಾಯಿ ಕೊಟ್ಟಿರಿ. ಚಿಲ್ಲರೆ ಎಷ್ಟು ಬರಬೇಕು? ಪಾಟಿಯ ಮೇಲೆ ಬರೆಯಿರಿ.

ನಮ್ಮ ಹಿರಿಯಕ್ಕ ಏನಾದರು ಅಂತೀರಾ? ಎರಡು ತಿಂಗಳ ಮೇಲೆ ಮತ್ತೆ ಬೆಂಗಳೂರಿಗೆ ಹೋದೆವು. ಈ ಸಲ ನಾವು ಹಿಂದೆ ನಿಂತೆವು. ಅಕ್ಕ ಮುಂದೆ ಹೋದರು. ತಲೆ ಎತ್ತಿದರು. ಬಾಯಿಬಿಟ್ಟು ಓದಿದರು: "ಇ-ಡ್ಲಿ. ಉ-ಪ್ಪಿ-ಟ್ಟು." ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅಕ್ಕ ನಾಚಲಿಲ್ಲ. ಚೀಟಿ ತಂದರು. ನಮಗೂ ಸೇರಿಸಿ ತಂದಿದ್ದರು. ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸಿ ಗಂಟು ಕಟ್ಟಿದರು.

ಅವತ್ತಿನ ಇಡ್ಲಿ ನಮಗೆ ಬಹಳ ರುಚಿಯಾಗಿತ್ತು.

ಅಕ್ಕಂದಿರೇ, ನಾವು ಮನೆಮಂದಿಗೆಲ್ಲಾ ಬಡಿಸಿ ಕೊನೆಗೆ ಉಣ್ಣುವವರು. ಊರು ಬಿಟ್ಟು ಹೋದಾಗಲೂ ಹಸಿದಿರಬೇಕೇ? ಬೇಡ. ತಲೆ ಎತ್ತೋಣ. ಬೋರ್ಡು ಓದೋಣ. ಹೊಟ್ಟೆ ತುಂಬಾ ಉಂಡು ಬರೋಣ. ಏನಂತೀರಿ?