ಬುದ್ಧಿ ಬಂದ ರೋಗಾಣು ವೈದ್ಯನಾದೀತೇ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ವಿಷಯ ನಿಮ್ಮಿಷ್ಟ, ಮಕ್ಕಳಿಗೆ ನಿದ್ದೆ ಬಾರದಿದ್ದರೆ ಸಾಕು ಎಂದರು. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡುವವನು. ಊಟವಾದ ಮೇಲಿನ ತರಗತಿಯಲ್ಲಿ ನಿದ್ದೆ ಬರಿಸುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಅದಕ್ಕೇ ಮಕ್ಕಳೇ ಪ್ರಶ್ನೆ ಬರೆದು ಕಳಿಸಲಿ, ಅದರಲ್ಲಿ ಒಂದಕ್ಕೆ ಉತ್ತರ ಹೇಳುತ್ತೇನೆ ಎಂದೆ. ಬಂದ ಚೀಟಿಗಳಲ್ಲಿ ಒಂಬತ್ತನೇ ತರಗತಿಯ ಒಂದು ಚೀಟಿ ಹೀಗಿತ್ತು: "ಸಿನಿಮಾದಲ್ಲಿ ಬರುವ ಹಾಗೆ ರೋಗಾಣುವಿಗೇ ಬುದ್ಧಿ ಬಂದರೆ, ಅದಕ್ಕೆ ಹೇಳಿ ಕಾಯಿಲೆ ವಾಸಿ ಮಾಡಿಸಿಕೊಳ್ಳಬಹುದಾ ಸರ್? ಮಂಗನ ಕಾಯಿಲೆಗೆ ಬುದ್ಧಿ ಹೇಳಲು ಆಗುತ್ತದಾ?"

ಮೊದಲ ಸಾಲಿಗೆ ನಕ್ಕೆ. ಎರಡನೇ ಸಾಲಿಗೆ ನಗು ಬರಲಿಲ್ಲ. ಈ ಸೀಮೆಯಲ್ಲಿ ಆ ಹೆಸರು ಕೇಳಿ ಯಾರೂ ನಗುವುದಿಲ್ಲ.

ಇದೇ ವಿಷಯದ ಮೇಲೆ ಅಮೆರಿಕದಲ್ಲಿ ಗ್ರೆಗ್ ಬೇರ್ ಎಂಬ ಲೇಖಕರು ಒಂದು ಕಥೆ ಬರೆದರು. ಹೆಸರು 'ಬ್ಲಡ್ ಮ್ಯೂಸಿಕ್', ಅಂದರೆ ರಕ್ತದ ಸಂಗೀತ. 1983ರಲ್ಲಿ ಪತ್ರಿಕೆಯೊಂದರಲ್ಲಿ ನೀಳ್ಗತೆಯಾಗಿ ಬಂತು, ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಮತ್ತು ನೆಬ್ಯುಲಾ ಎರಡೂ ಪ್ರಶಸ್ತಿಗಳನ್ನು ಪಡೆಯಿತು, 1985ರಲ್ಲಿ ಕಾದಂಬರಿಯಾಗಿ ಬೆಳೆಯಿತು. ಕ್ಯಾಲಿಫೋರ್ನಿಯಾದ ಒಂದು ಕಂಪನಿಯಲ್ಲಿ ವರ್ಜಿಲ್ ಉಲಮ್ ಎಂಬ ವಿಜ್ಞಾನಿ. ಮೇಲಧಿಕಾರಿಗಳಿಗೆ ಗೊತ್ತಿಲ್ಲದೆ ತನ್ನದೇ ರಕ್ತದ ಬಿಳಿ ಕಣಗಳನ್ನು ತಿದ್ದಿ, ಅವು ಯೋಚಿಸುವ ಹಾಗೆ ಮಾಡುತ್ತಾನೆ. ವಿಷಯ ಹೊರಬಿದ್ದು ಎಲ್ಲವನ್ನೂ ನಾಶ ಮಾಡು ಎಂಬ ಆಜ್ಞೆ ಬರುತ್ತದೆ. ಇವನಿಗೆ ಮನಸ್ಸು ಬಾರದೆ ಸೂಜಿಯಲ್ಲಿ ತುಂಬಿ ತನ್ನ ಮೈಗೇ ಚುಚ್ಚಿಕೊಂಡು ಹೊರಗೆ ಬರುತ್ತಾನೆ. ಇಲ್ಲಿಗೆ ಆ ಕಣಗಳಿಗೆ ಒಂದು ಊರು ಸಿಕ್ಕಿತು.

ಮೊದಮೊದಲು ಎಲ್ಲ ಚೆನ್ನ. ಕನ್ನಡಕ ಬೇಡವಾಗುತ್ತದೆ, ಅಲರ್ಜಿ ಹೋಗುತ್ತದೆ, ಮೈಯಲ್ಲಿ ಕಸುವು ಬರುತ್ತದೆ. ಇಲ್ಲಿಯೇ ಪುಸ್ತಕ ಮುಚ್ಚಿಟ್ಟರೆ ಪ್ರಶ್ನೆಗೆ ಉತ್ತರ 'ಆಗುತ್ತದೆ' ಎಂದೇ. ಆದರೆ ಆ ಕಣಗಳು ಅವನಿಗೆ ಉಪಕಾರ ಮಾಡಬೇಕೆಂದು ಹೊರಟಿರಲಿಲ್ಲ. ವರ್ಜಿಲ್ ಎಂಬ ಒಬ್ಬ ಮನುಷ್ಯ ಇದ್ದಾನೆ ಎಂಬುದೇ ಅವಕ್ಕೆ ಗೊತ್ತಿರಲಿಲ್ಲ. ನಾವು ಮಳೆಗಾಲಕ್ಕೆ ಮೊದಲು ಮಾಡಿನ ಹೆಂಚು ಕೈಯಾಡಿಸುತ್ತೇವಲ್ಲ, ಮಾಡಿನ ಮೇಲಿನ ಪ್ರೀತಿಯಿಂದ ಅಲ್ಲ, ಒಳಗೆ ನಾವಿದ್ದೇವೆ ಎಂದು. ಹಾಗೆ. ಹೆಂಚು ಸರಿಮಾಡಿದವರು ಆಮೇಲೆ ಗೋಡೆ ಒಡೆದು ಕೋಣೆ ದೊಡ್ಡದು ಮಾಡುತ್ತಾರೆ, ಕಂಬ ಬದಲಿಸುತ್ತಾರೆ. ಅವನ ಮೂಳೆ, ಚರ್ಮ, ಒಳಗಿನ ಅಂಗಾಂಗ ಎಲ್ಲವೂ ಬದಲಾಗತೊಡಗುತ್ತವೆ. ಕಣಗಳ ಲೆಕ್ಕದಲ್ಲಿ ಅದೂ ರಿಪೇರಿಯೇ. ಮುಂದೆ ಅವು ಅವನ ಮೈಯಿಂದ ಹೊರಬಿದ್ದು, ಕಾದಂಬರಿಯಲ್ಲಿ ಇಡೀ ಉತ್ತರ ಅಮೆರಿಕವನ್ನೇ ಆವರಿಸುತ್ತವೆ.

ಈ ಕಥೆಯನ್ನು ಹೆದರಿಸುವ ಕಥೆ ಎಂದು ಓದುವವರೇ ಹೆಚ್ಚು. ನನಗೆ ಇದು ವೈದ್ಯಶಾಸ್ತ್ರದ ಒಂದು ಬಹಳ ಹಳೆಯ ಪ್ರಶ್ನೆಯ ಕಥೆ ಎನಿಸುತ್ತದೆ. ಔಷಧಕ್ಕೆ ಕೆಲಸ ಶುರು ಮಾಡಲು ಬಂದರೆ ಸಾಲದು, ನಿಲ್ಲಿಸಲೂ ಬರಬೇಕು. ಅದು ತಾನಾಗಿ ನಿಲ್ಲಬೇಕು, ಇಲ್ಲವೇ ನಾವು ನಿಲ್ಲಿಸುವಂತಿರಬೇಕು.

ರೋಗದಿಂದ ರೋಗ ವಾಸಿ ಮಾಡುವುದು ಕಲ್ಪನೆ ಏನಲ್ಲ, ನಡೆದದ್ದು. 1917ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಜೂಲಿಯಸ್ ವಾಗ್ನರ್ ಯೌರೆಗ್ ಎಂಬ ವೈದ್ಯರಿದ್ದರು. ಆ ಕಾಲದಲ್ಲಿ ಸಿಫಿಲಿಸ್ ರೋಗ ಮೆದುಳಿಗೆ ಏರಿದರೆ ಬುದ್ಧಿ ಕೆಟ್ಟು, ಪಾರ್ಶ್ವವಾಯು ಹೊಡೆದು ಸಾಯುವುದು ಖಚಿತವಾಗಿತ್ತು. ಜೋರು ಜ್ವರ ಬಂದ ಮೇಲೆ ಕೆಲವು ಮನೋರೋಗಿಗಳು ಸುಧಾರಿಸುವುದನ್ನು ಅವರು ಗಮನಿಸಿದ್ದರು. ಒಬ್ಬ ಮಲೇರಿಯಾ ರೋಗಿಯ ರಕ್ತ ತೆಗೆದು ಈ ರೋಗಿಗಳಿಗೆ ಚುಚ್ಚಿದರು. ಬೇಕೆಂದೇ ಮಲೇರಿಯಾ ತರಿಸಿದರು! ಜ್ವರದ ತಾಪಕ್ಕೆ ಹಲವರು ಚೇತರಿಸಿಕೊಂಡರು. ಚಿಕಿತ್ಸೆಯಿಂದಲೇ ಸತ್ತವರೂ ಇದ್ದರು. 1927ರಲ್ಲಿ ಅವರಿಗೆ ನೊಬೆಲ್ ಬಂತು. ಪೆನ್ಸಿಲಿನ್ ಬಂದ ಮೇಲೆ ಈ ಚಿಕಿತ್ಸೆ ಮೂಲೆ ಸೇರಿತು. ಅಷ್ಟೆಲ್ಲ ಜ್ವರಗಳಿರುವಾಗ ಮಲೇರಿಯಾವೇ ಯಾಕೆ? ಯಾಕೆಂದರೆ ಅದಕ್ಕೆ ಕ್ವಿನೈನ್ ಇತ್ತು. ಸಾಕು ಎನಿಸಿದಾಗ ಕ್ವಿನೈನ್ ಕೊಟ್ಟರೆ ಜ್ವರ ಇಳಿಯುತ್ತಿತ್ತು. ಮದ್ದು ಕಪಾಟಿನಲ್ಲಿ ಇದ್ದುದರಿಂದಲೇ ಆ ವೈದ್ಯರಿಗೆ ರೋಗವನ್ನು ಬಾಗಿಲೊಳಗೆ ಕರೆಯುವ ಧೈರ್ಯ ಬಂತು.

ಈಗ ನಮ್ಮ ಮಂಗನ ಕಾಯಿಲೆಗೆ ಬರುತ್ತೇನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸುವಗಳು ಸಾಲಾಗಿ ಸತ್ತವು, ಸುತ್ತಲ ಊರಿನವರು ಜ್ವರ ಬಂದು ಮಲಗಿದರು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ವಿಜ್ಞಾನಿಗಳು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ರಷ್ಯಾದ ಕಡೆ ಮೆದುಳು ಜ್ವರ ತರುವ ವೈರಸ್ಸಿನ ದಾಯಾದಿ. ನಮ್ಮ ಕಾಡಿನ ಹೆಸರು ಹಾಗೆ ಪ್ರಪಂಚದ ವೈದ್ಯಕೀಯ ಪುಸ್ತಕಗಳಿಗೆ ಹೋಯಿತು. ಇಂಥ ಕೀರ್ತಿ ಯಾವ ಊರಿಗೂ ಬೇಡ.

ಇಷ್ಟು ನಿಮಗೆಲ್ಲ ಗೊತ್ತು. ಆಮೇಲಿನದನ್ನು ಹೇಳಿದರೆ ಇಲ್ಲಿ ಹಲವರಿಗೆ ಆಶ್ಚರ್ಯವಾಗುತ್ತದೆ. ಈ ನಮ್ಮ ವೈರಸ್ಸನ್ನು ಲಂಡನ್ನಿನಲ್ಲಿ ಔಷಧವಾಗಿ ಪ್ರಯೋಗಿಸಿದ್ದರು. ಕೆಲವು ವೈರಸ್‌ಗಳು ಕ್ಯಾನ್ಸರ್ ಕಣಗಳೊಳಗೆ ಹೊಕ್ಕು ಅವನ್ನು ಕೊಲ್ಲುತ್ತವೆ ಎಂಬುದು ಆ ಹೊತ್ತಿಗೆ ಪ್ರಯೋಗಾಲಯದಲ್ಲಿ ಕಂಡುಬಂದಿತ್ತು. ರಕ್ತದ ಕ್ಯಾನ್ಸರ್ ಮತ್ತು ಬೇರೆ ಕೆಲವು ಕ್ಯಾನ್ಸರ್ ಇದ್ದ 28 ರೋಗಿಗಳಿಗೆ ಕ್ಯಾಸನೂರು ವೈರಸ್ಸನ್ನೋ, ಅದರ ಬಂಧುವಾದ, ಅಷ್ಟು ಉಗ್ರವಲ್ಲದ ಮಲೇಷ್ಯಾದ ಲಂಗಟ್ ವೈರಸ್ಸನ್ನೋ ಕೊಟ್ಟು ನೋಡಿದರು. 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ವರದಿ ಬಂತು. ಕೆಲವೇ ಮಂದಿಗೆ ಸ್ವಲ್ಪ ಕಾಲದ ಗುಣ ಕಂಡಿತು. ಕೆಲವರಿಗೆ ಮೆದುಳಿನ ಉರಿಯೂತ ಬಂತು. ಪ್ರಯತ್ನ ಮುಂದುವರಿಯಲಿಲ್ಲ.

ಆ ವೈದ್ಯರನ್ನು ಇಲ್ಲಿ ನಿಂತು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ರಕ್ತದ ಕ್ಯಾನ್ಸರಿಗೆ ಆಗ ಹೆಚ್ಚೇನೂ ದಾರಿ ಇರಲಿಲ್ಲ. ಆದರೆ ವಿಯೆನ್ನಾದ ವೈದ್ಯರ ಕಪಾಟಿನಲ್ಲಿ ಇದ್ದದ್ದು ಲಂಡನ್ನಿನ ಕಪಾಟಿನಲ್ಲಿ ಇರಲಿಲ್ಲ. ಕ್ಯಾಸನೂರು ವೈರಸ್ಸಿಗೆ ಕ್ವಿನೈನ್ ಆಗಲೂ ಇರಲಿಲ್ಲ, ಇವತ್ತಿಗೂ ಇಲ್ಲ. ಕಾಯಿಲೆ ಬಿದ್ದವರಿಗೆ ಆಸ್ಪತ್ರೆಯಲ್ಲಿ ನೀರಿನಂಶ ಕಾಯುತ್ತಾರೆ, ರಕ್ತಸ್ರಾವ ನೋಡಿಕೊಳ್ಳುತ್ತಾರೆ, ಜ್ವರ ಇಳಿಸುತ್ತಾರೆ, ಮೈ ತಾನೇ ಗೆಲ್ಲಲಿ ಎಂದು ಕಾಯುತ್ತಾರೆ. ನೂರು ಜನರಲ್ಲಿ ಮೂರರಿಂದ ಐದು ಜನ ಗೆಲ್ಲುವುದಿಲ್ಲ. ಆ ಅಂಕಿಯಲ್ಲಿ ಯಾರ್ಯಾರ ಮನೆಯವರಿದ್ದಾರೆ ಎಂಬುದು ಇಲ್ಲಿ ಕೂತಿರುವ ನಿಮಗೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು.

ಐವತ್ತು ವರ್ಷದ ಬಳಿಕ ಅದೇ ಯೋಚನೆ ಬೇರೆ ದಾರಿಯಲ್ಲಿ ಗೆದ್ದಿತು. 2015ರಲ್ಲಿ ಅಮೆರಿಕದಲ್ಲಿ ಚರ್ಮದ ಒಂದು ಕ್ಯಾನ್ಸರಿಗೆ ವೈರಸ್ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ತುಟಿಯ ಮೇಲೆ ಗುಳ್ಳೆ ಎಬ್ಬಿಸುತ್ತದಲ್ಲ, ಆ ಹರ್ಪಿಸ್ ವೈರಸ್ಸೇ. ಆರೋಗ್ಯವಂತ ನರಕಣದಲ್ಲಿ ಬೆಳೆಯಲು ಅದಕ್ಕೆ ಬೇಕಾದ ಜೀನನ್ನು ಕತ್ತರಿಸಿ ತೆಗೆದಿದ್ದಾರೆ, ಕೊಂಬು ಕತ್ತರಿಸಿದ ಹೋರಿಯ ಹಾಗೆ. ಅಷ್ಟಾದರೂ ಅದು ದಾರಿ ತಪ್ಪಿದರೆ ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಮಾತ್ರೆ ಅದರ ಮೇಲೂ ಕೆಲಸ ಮಾಡುತ್ತದೆ.

ಇನ್ನೂ ಒಂದಿದೆ, ವರ್ಜಿಲ್‌ನ ಕಥೆಗೆ ತೀರಾ ಹತ್ತಿರದ್ದು. ಏಡ್ಸ್ ತರುವ ಎಚ್‌ಐವಿಗೆ ಮನುಷ್ಯನ ಬಿಳಿ ರಕ್ತಕಣದೊಳಗೆ ಹೊಕ್ಕು ತನ್ನ ಜೀನ್‌ಗಳನ್ನು ಹೊಲಿದು ಬಿಡುವ ಕಲೆ ಗೊತ್ತು. ವಿಜ್ಞಾನಿಗಳು ಅದರ ರೋಗದ ಭಾಗ ತೆಗೆದು, ಮರಿ ಹಾಕುವ ಶಕ್ತಿ ತೆಗೆದು, ಹೊಲಿಯುವ ಸೂಜಿಯನ್ನು ಮಾತ್ರ ಉಳಿಸಿಕೊಂಡರು. ರೋಗಿಯ ಬಿಳಿ ಕಣಗಳನ್ನು ಹೊರತೆಗೆದು, ಈ ಸೂಜಿಯಿಂದ ಅವಕ್ಕೆ ಕ್ಯಾನ್ಸರ್ ಗುರುತಿಸುವ ಹೊಸ ಪಾಠ ಹೊಲಿದು, ಮತ್ತೆ ಮೈಗೆ ಬಿಡುತ್ತಾರೆ. ಇದಕ್ಕೆ ಕಾರ್ ಟಿ ಚಿಕಿತ್ಸೆ ಎಂದು ಹೆಸರು. ಈ ಕಣಗಳು ಬೇಟೆಯಾಡುತ್ತವೆ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ವರ್ಷಗಟ್ಟಲೆ ನೆನಪು ಇಟ್ಟುಕೊಳ್ಳುತ್ತವೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಕ್ತದ ಕ್ಯಾನ್ಸರ್ ಇದ್ದ ಆರು ವರ್ಷದ ಹುಡುಗಿಗೆ ಇದನ್ನು ಕೊಟ್ಟಾಗ ಕಣಗಳು ಎಷ್ಟು ಉತ್ಸಾಹದಿಂದ ಯುದ್ಧ ಮಾಡಿದವೆಂದರೆ, ಆ ಜ್ವರದ ಬಿರುಗಾಳಿಯಲ್ಲಿ ಹುಡುಗಿಯೇ ಸಾಯುವ ಸ್ಥಿತಿಗೆ ಬಂದಳು. ಕೊನೆಗೆ ಸಂಧಿವಾತಕ್ಕೆ ಕೊಡುವ ಒಂದು ಔಷಧ ಕೊಟ್ಟು ಬಿರುಗಾಳಿ ನಿಲ್ಲಿಸಿದರು. ಅವಳು ಬದುಕಿದಳು, ಕ್ಯಾನ್ಸರ್ ಹೋಯಿತು. ನಮ್ಮ ದೇಶದಲ್ಲೇ, ಬಾಂಬೆ ಐಐಟಿಯಲ್ಲಿ ಹುಟ್ಟಿದ ಇಂಥ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಖರ್ಚು ಇನ್ನೂ ನಮ್ಮಂಥವರ ಕೈಗೆ ಎಟಕುವಂತಿಲ್ಲ, ಅದು ಬೇರೆ ಮಾತು.

ಹಾಗಾದರೆ ಇವಕ್ಕೆಲ್ಲ ಬುದ್ಧಿಯೂ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತಲ್ಲ, ಹೇಳಿದ ಕೂಡಲೇ ಕೇಳುತ್ತಿದ್ದವಲ್ಲ ಎಂದು ಚೀಟಿ ಬರೆದವರು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ನಾವು ಇಷ್ಟರ ಮಟ್ಟಿಗೆ ಅವನ್ನು ಪಳಗಿಸಿದ್ದು ಅವಕ್ಕೆ ಮನಸ್ಸಿಲ್ಲ ಎಂಬ ಕಾರಣದಿಂದಲೇ. ಜೀನ್ ಕತ್ತರಿಸಿದರೆ ಯಾಕೆ ಕತ್ತರಿಸಿದೆ ಎಂದು ಹರ್ಪಿಸ್ ಕೇಳುವುದಿಲ್ಲ. ಕಪಾಟಿನಲ್ಲಿ ಕ್ವಿನೈನ್ ಇದೆ ಎಂದು ಮಲೇರಿಯಾಕ್ಕೆ ಗೊತ್ತಾಗುವುದಿಲ್ಲ. ಯೋಚನೆಯಿಲ್ಲದೆಯೂ ಅವು ರೂಪಾಂತರ ಹೊಂದಿ ನಮ್ಮ ಔಷಧಗಳಿಗೆ ಒಗ್ಗಿಹೋಗುತ್ತವೆ. ಮುಂದೆ ಏನಾಗುತ್ತದೆ ಎಂದು ಊಹಿಸುವ ಶಕ್ತಿಯೂ ಬಂದರೆ ಯಾವ ಕೀಲಿ ನಮ್ಮ ಕೈಯಲ್ಲಿ ಉಳಿದೀತು? ಆಮೇಲೆ ಅದನ್ನು ಕೊಂಬು ಕತ್ತರಿಸಿ ನೊಗಕ್ಕೆ ಕಟ್ಟುವಂತಿಲ್ಲ. ಯೋಚಿಸುವ ಜೀವಿಯನ್ನು ಹಾಗೆ ಕಟ್ಟಿದರೆ ಅದಕ್ಕೆ ಜೀತ ಎನ್ನುತ್ತಾರೆ. ಉಳಿಯುವುದು ಮಾತುಕತೆ ಒಂದೇ.

ಬೇರ್ ಅವರ ಕಾದಂಬರಿಯಲ್ಲಿ ಅದೂ ಬರುತ್ತದೆ. ಬರ್ನಾರ್ಡ್ ಎಂಬ ಇನ್ನೊಬ್ಬ ವಿಜ್ಞಾನಿ ಸೋಂಕು ತಗುಲಿಸಿಕೊಂಡು ಜರ್ಮನಿಯ ಪ್ರಯೋಗಾಲಯವೊಂದರಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಅವನ ಮೈಯೊಳಗಿನ ಕಣಗಳು ಕ್ರಮೇಣ ಅವನ ಇರವನ್ನು ಅರಿತು ಅವನೊಡನೆ ಮಾತಾಡುತ್ತವೆ. ಸಭ್ಯವಾಗಿಯೇ ಮಾತಾಡುತ್ತವೆ! ಅವಕ್ಕೆ ದ್ವೇಷವಿಲ್ಲ. ಆದರೆ ಆರೋಗ್ಯ ಎಂದರೆ ಏನು ಎಂಬ ಬಗ್ಗೆ ಅವಕ್ಕೂ ನಮಗೂ ಒಂದೇ ಅಭಿಪ್ರಾಯ ಇರಬೇಕೆಂದೇನಿಲ್ಲ. ನನ್ನ ಅಜ್ಜಿಗೆ ಮಂಡಿನೋವು ಹೋಗಬೇಕಿತ್ತು, ಆದರೆ ಅಜ್ಜಿ ಅಜ್ಜಿಯಾಗಿಯೇ ಇರಬೇಕಿತ್ತು. ಮಂಡಿಯೇ ಬೇಡದ ದೇಹ ಕೊಡುತ್ತೇನೆ ಎಂದು ಯಾರಾದರೂ ಬಂದಿದ್ದರೆ ಅಜ್ಜಿ ಪೊರಕೆ ಹಿಡಿದು ಓಡಿಸುತ್ತಿದ್ದಳು.

ರೋಗದೊಡನೆ ಮಾತುಕತೆ ನಡೆಸುವುದು ನಮಗೇನೂ ಹೊಸದಲ್ಲ. ಹಿರಿಯರು ಸಿಡುಬು ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಪ್ಲೇಗಮ್ಮನಿಗೆ ಗುಡಿಗಳೂ ಎದ್ದವು. ವಿದ್ಯಾವಂತರು ಇದನ್ನು ಮೌಢ್ಯ ಎಂದು ಪಕ್ಕಕ್ಕೆ ತಳ್ಳುತ್ತಾರೆ. ನಾನು ಲಸಿಕೆಯ ಪಕ್ಷದವನು, ಸಿಡುಬನ್ನು ಓಡಿಸಿದ್ದು ಲಸಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುದ್ಧಿಯಿರುವ ರೋಗ ಒಂದಿದೆ ಎಂದು ಮನಸಾರೆ ನಂಬಿದವರು ಅದರ ಹತ್ತಿರ ಏನು ಕೇಳಿದರು ಎಂಬುದನ್ನು ಗಮನಿಸಿ. ಮಾರಿಗೆ ಪೂಜೆ ಮಾಡಿ, ಮಡಿಲು ತುಂಬಿ, ಮೆರವಣಿಗೆಯಲ್ಲಿ ಊರ ಗಡಿಯವರೆಗೆ ಕರೆದೊಯ್ದು ಬಿಟ್ಟು ಬರುತ್ತಿದ್ದರು. ನಮ್ಮ ಮನೆಯಲ್ಲಿದ್ದು ಚಾಕರಿ ಮಾಡು ಎಂದು ಅವಳನ್ನು ಯಾರೂ ಕೇಳಿದ ಹಾಗೆ ಕಾಣೆ. ತಣ್ಣಗಾಗು, ಗಡಿ ದಾಟು ಎಂದಷ್ಟೇ ಕೇಳಿದರು.

ಹಾಗಾಗಿ ಚೀಟಿಯ ಮೊದಲ ಪ್ರಶ್ನೆಗೆ ನನ್ನ ಉತ್ತರ: ಬುದ್ಧಿಯಿಲ್ಲದ ರೋಗಾಣುವನ್ನು ವೈದ್ಯನ ಕೈಗೆ ಕೊಡಬಹುದು, ಕೊಟ್ಟಿದ್ದೇವೆ. ಬುದ್ಧಿ ಬಂದದ್ದು ತಾನೇ ವೈದ್ಯನಾಗಬೇಕು ಎನ್ನುತ್ತದೆ, ನಮ್ಮ ಮೈಯ ಒಳಗೇ ಆಸ್ಪತ್ರೆ ಕಟ್ಟುತ್ತದೆ, ಅಲ್ಲಿಂದ ನಮಗೆ ಡಿಸ್ಚಾರ್ಜ್ ಬರೆದುಕೊಡುವವರು ಯಾರೂ ಇರುವುದಿಲ್ಲ. ಒಪ್ಪದವರು ಒಪ್ಪದಿರಿ. ಪುಸ್ತಕದ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ಮೊದಲ ಅಧ್ಯಾಯಗಳು ಸ್ವಲ್ಪ ಕಷ್ಟ, ಮೇಷ್ಟ್ರ ಸಹಾಯ ತೆಗೆದುಕೊಳ್ಳಿ.

ಎರಡನೇ ಪ್ರಶ್ನೆ, ಮಂಗನ ಕಾಯಿಲೆಗೆ ಬುದ್ಧಿ ಹೇಳುವುದು. ಅದಕ್ಕೆ ಕಿವಿಯಿಲ್ಲ, ನಮಗಿದೆ. ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ, ಹೊಸದು ತಯಾರಾಗುತ್ತಿದೆ. ಅದು ನಮ್ಮ ತೋಳಿಗೆ ಬರುವವರೆಗೆ ದರಗು ಗುಡಿಸಲು, ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ. ನವೆಂಬರ್ ಕಳೆದ ಮೇಲೆ ಬೇಸಿಗೆ ಮುಗಿಯುವವರೆಗೆ ಯಾವ ಜ್ವರವನ್ನೂ ಸುಮ್ಮನೆ ಜ್ವರ ಎಂದು ಮನೆಯಲ್ಲಿ ಮಲಗಿಸಿಕೊಂಡು ಕೂರಬೇಡಿ. ಆಶಾ ಕಾರ್ಯಕರ್ತೆಯರು ಊಟದ ಪೆಂಡಾಲಿನ ಪಕ್ಕದಲ್ಲೇ ಎಣ್ಣೆಯ ಬಾಟಲಿಗಳನ್ನು ಇಟ್ಟುಕೊಂಡು ಕೂತಿದ್ದಾರೆ, ಊಟಕ್ಕೆ ಹೋಗುವಾಗ ಮನೆಗೊಂದು ತೆಗೆದುಕೊಳ್ಳಿ.